ಮನೆಗೆ ಟಿವಿ ತಗೊಳ್ಳುವ ಮೊದಲು: ಕಾಸರಗೋಡಿನ ಚಾವಡಿಗಳಿಂದ ಬಂದ ಪ್ರಶ್ನೆಗಳು

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಊರಲ್ಲಿ ಯಾರಾದರೂ ಟಿವಿ ತಗೊಳ್ಳುವುದಿದ್ದರೆ ಒಂದು ಸಲ ನನಗೆ ಫೋನ್ ಮಾಡುತ್ತಾರೆ. ನಾನು ಟಿವಿ ರಿಪೇರಿಯವನಲ್ಲ, ಅಂಗಡಿಯವನೂ ಅಲ್ಲ. ಎರಡು ಸಲ ತಪ್ಪು ಟಿವಿ ತಗೊಂಡು ಬುದ್ಧಿ ಕಲಿತವನು ಅಷ್ಟೇ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರಲ್ಲ, ಹಾಗಾಗಿ ಬರೆದು ಇಟ್ಟಿದ್ದೇನೆ. ಅಂಗಡಿಯಲ್ಲಿ ನೋಡಿದ ಟಿವಿ ಮನೆಗೆ ಬಂದ ಮೇಲೆ ಬೇರೆಯೇ ಆಗಿ ಕಾಣುತ್ತದೆ. ಅದಕ್ಕೆ ಮೊದಲು ಮನೆಯನ್ನು ನೋಡಿ, ಆಮೇಲೆ ಟಿವಿಯನ್ನು.

ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ ಅಂತಾರಲ್ಲ, ಏನು ವ್ಯತ್ಯಾಸ?

ಹೆಸರು ಮೂರಾದರೂ ಜಾತಿ ಎರಡೇ. ಎಲ್‌ಇಡಿ ಟಿವಿ ಅಂದರೆ ನಿಜವಾಗಿ ಎಲ್‌ಸಿಡಿ ಟಿವಿ. ಮುಂದೆ ಎಲ್‌ಸಿಡಿ ಪರದೆ, ಅದರ ಹಿಂದೆ ಬೆಳಕು ಕೊಡಲು ಎಲ್‌ಇಡಿ ದೀಪಗಳು. ಪರದೆ ಬಾಗಿಲಿನ ಹಾಗೆ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ರಾತ್ರಿಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿ ಕಾಣದೆ ಬೂದಿ ಬಣ್ಣವಾಗುತ್ತದೆ.

ಕ್ಯೂಎಲ್‌ಇಡಿಯೂ ಅದೇ ಎಲ್‌ಸಿಡಿ. ನಡುವೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಒಂದು ಪದರ ಸೇರಿಸಿರುತ್ತಾರೆ. ಅದರಿಂದ ಬಣ್ಣ ಗಾಢವಾಗುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ತುಂಬಾ ಚಿಕ್ಕವು, ಲೆಕ್ಕಕ್ಕೂ ಜಾಸ್ತಿ. ಕತ್ತಲೆ ಬೇಕಾದ ಜಾಗದಲ್ಲಿ ಮಾತ್ರ ದೀಪ ಆರಿಸಬಹುದು. ಇದಕ್ಕೆ ಲೋಕಲ್ ಡಿಮ್ಮಿಂಗ್ ಎನ್ನುತ್ತಾರೆ.

ಓಎಲ್‌ಇಡಿ ಮಾತ್ರ ಬೇರೆಯೇ ಜಾತಿ. ಅಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಕಡುಗಪ್ಪು. ಬೆಲೆಯೂ ಹಾಗೆಯೇ ಇದೆ. ಇನ್ನೊಂದು ತೊಂದರೆ, ಒಂದೇ ಚಿತ್ರ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡಬಹುದು. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನಲ್ ಹಾಕಿಡುವ ಅಜ್ಜ ಮನೆಯಲ್ಲಿದ್ದರೆ ಓಎಲ್‌ಇಡಿ ಬೇಡ. ಆ ಕೆಳಗಿನ ಕೆಂಪು ಪಟ್ಟಿ ಶಾಶ್ವತವಾಗಿ ಮನೆಯ ಸದಸ್ಯನಾಗುತ್ತದೆ.

ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಒಳ್ಳೆಯ ಎಲ್‌ಇಡಿ ಸಾಕು. ಸ್ವಲ್ಪ ದುಡ್ಡು ಹೆಚ್ಚಿದ್ದರೆ ಕ್ಯೂಎಲ್‌ಇಡಿ.

ನಮ್ಮ ಚಾವಡಿಗೆ, ಅಂದರೆ ಮನೆಯ ಮುಂದಿನ ಕೋಣೆಗೆ, ಎಷ್ಟು ಇಂಚಿನದು ಬೇಕು?

ಇಂಚು ಅಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಅಗಲ ಅಲ್ಲ. 32 ಇಂಚಿನ ಟಿವಿಯ ಪರದೆ ಸುಮಾರು 71 ಸೆಂಟಿಮೀಟರ್ ಅಗಲ, 43 ಇಂಚಿನದು 95, 55 ಇಂಚಿನದು 122, 65 ಇಂಚಿನದು 144. ಹಳೆ ಶೋಕೇಸಿನ ನಡುವೆ ಇಡುವವರು ಇದನ್ನು ಮೊದಲೇ ಅಳೆಯಿರಿ. ಚೌಕಟ್ಟಿಗೆ ಒಂದೆರಡು ಸೆಂಟಿಮೀಟರ್ ಜಾಸ್ತಿ ಹಿಡಿಯಿರಿ.

ಆಮೇಲೆ ನೀವು ಕೂರುವ ಕುರ್ಚಿಯಿಂದ ಗೋಡೆಗೆ ಎಷ್ಟು ದೂರ ಎಂದು ಟೇಪ್ ಹಿಡಿದು ನೋಡಿ. ಅದನ್ನು ಇಂಚಿಗೆ ತನ್ನಿ. 8 ಅಡಿ ಅಂದರೆ 96 ಇಂಚು. ಒಳ್ಳೆಯ 4ಕೆ, ಅಂದರೆ ಚುಕ್ಕಿಗಳು ತೀರಾ ಜಾಸ್ತಿ ಇರುವ ವಿಡಿಯೋ ನೋಡುವವರು ಅದನ್ನು ಒಂದೂವರೆಯಿಂದ ಭಾಗಿಸಬಹುದು, 64 ಬರುತ್ತದೆ. ಅಂದರೆ 65 ಇಂಚು ಕೂಡ ನಡೆಯುತ್ತದೆ. ಎಚ್‌ಡಿ ಚಾನಲ್ ನೋಡುವವರು ಎರಡರಿಂದ ಭಾಗಿಸಿ, 48. ಬರೀ ಹಳೆ ಡಿಶ್‌ನ ಸಾದಾ ಚಾನಲ್ ನೋಡುವವರು ಎರಡೂವರೆಯಿಂದ ಭಾಗಿಸಿ, 38. ಅಂಥವರಿಗೆ 43 ಇಂಚು ಬೇಕಾದಷ್ಟು ಆಯಿತು.

ಹಾಗಾದರೆ ದೊಡ್ಡದು ತಗೊಂಡರೆ ಏನು ನಷ್ಟ? ಮುಂದಿನ ಪ್ರಶ್ನೆ ನೋಡಿ.

ಹೊಸ ದೊಡ್ಡ ಟಿವಿ ತಂದೆವು. ಕನ್ನಡ ಚಾನಲ್ ಹಳೆ ಟಿವಿಗಿಂತ ಮಸುಕು! ಟಿವಿ ಹಾಳೋ?

ಅತಿ ಹೆಚ್ಚು ಬರುವ ಫೋನ್ ಇದೇ. ಟಿವಿ ಹಾಳಲ್ಲ.

ಸಾದಾ ಚಾನಲ್, ಅಂದರೆ ಎಸ್‌ಡಿ ಚಾನಲ್‌ನ ಚಿತ್ರದಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಗುಣಿಸಿದರೆ ಸುಮಾರು 4.15 ಲಕ್ಷ. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ. 4ಕೆ ಪರದೆಯಲ್ಲಿ 3840 ಗುಣಿಸು 2160, ಸುಮಾರು 82.9 ಲಕ್ಷ. ಲೆಕ್ಕ ಹಾಕಿ ನೋಡಿ, ಸರಿಯಾಗಿ 20 ಪಟ್ಟು. ಒಬ್ಬನಿಗೆ ಮಾಡಿದ ಸಾರಿಗೆ ನೀರು ಹಾಕಿ 20 ಜನಕ್ಕೆ ಬಡಿಸಿದ ಹಾಗೆ. ಬಡಿಸಬಹುದು, ರುಚಿ ಎಲ್ಲಿಂದ ಬರಬೇಕು? ಉಳಿದ ಚುಕ್ಕಿಗಳನ್ನು ಟಿವಿ ಊಹೆ ಮಾಡಿ ತುಂಬಿಸುತ್ತದೆ. ಇದಕ್ಕೆ ಅಪ್‌ಸ್ಕೇಲಿಂಗ್ ಎನ್ನುತ್ತಾರೆ. ಒಳ್ಳೆಯ ಕಂಪೆನಿಗಳ ಟಿವಿ ಚೆನ್ನಾಗಿ ಊಹೆ ಮಾಡುತ್ತದೆ, ಅಗ್ಗದ್ದು ಮುಖಕ್ಕೆ ಮೇಣ ಹಚ್ಚಿದ ಹಾಗೆ ತೋರಿಸುತ್ತದೆ.

ಗಡಿನಾಡಿನಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿ. ಇಲ್ಲಿಯ ಕೇಬಲ್ ಪ್ಯಾಕುಗಳು ಮಲಯಾಳಿ ವೀಕ್ಷಕರನ್ನು ನೋಡಿ ಮಾಡಿದವು. ಮಲಯಾಳಂ ಎಚ್‌ಡಿ ಪ್ಯಾಕಿನಲ್ಲೇ ಬರುತ್ತದೆ, ಕನ್ನಡ ಎಚ್‌ಡಿಯನ್ನು ಬೇರೆ ಕೇಳಿ ಹಾಕಿಸಬೇಕಾಗುತ್ತದೆ. 2019ರ ಫೆಬ್ರವರಿಯಿಂದ ಚಾನಲ್ ದರಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಬೇಕಾದ ಚಾನಲನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವುಗಳಿಗೆಲ್ಲ ಎಚ್‌ಡಿ ರೂಪ ಇದೆ. ಟಿವಿ ತರುವ ಮೊದಲು ಕೇಬಲಿನವರ ಹತ್ತಿರ ಎರಡು ಪ್ರಶ್ನೆ ಕೇಳಿ. ನಿಮ್ಮಲ್ಲಿ ಯಾವ ಕನ್ನಡ ಎಚ್‌ಡಿ ಚಾನಲ್ ಇದೆ? ನನ್ನ ಸೆಟ್ ಟಾಪ್ ಬಾಕ್ಸ್ ಎಚ್‌ಡಿಯದ್ದಾ? ಬಾಕ್ಸ್ ಹಳೆಯದಾದರೆ ಚಾನಲ್ ಹಾಕಿಸಿಯೂ ಪ್ರಯೋಜನ ಇಲ್ಲ.

ಇನ್ನೊಂದು ತಮಾಷೆ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಬಾಕ್ಸ್ ಇದೆ, ಎಚ್‌ಡಿ ಚಾನಲ್ ಇದೆ, ಆದರೆ ಟಿವಿಗೆ ಜೋಡಿಸಿದ್ದು ಹಳೆಯ ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್. ಆ ವೈರಿನಲ್ಲಿ ಎಚ್‌ಡಿ ಹೋಗುವುದೇ ಇಲ್ಲ. ಒಂದು ಎಚ್‌ಡಿಎಂಐ ಕೇಬಲ್ ತಂದು ಹಾಕಿ. ನನ್ನ ಅತ್ತೆಯ ಮನೆಯಲ್ಲಿ ಇದೊಂದೇ ಕೆಲಸ ಮಾಡಿ ಹೊಸ ಟಿವಿಯ ಖರ್ಚು ಉಳಿಸಿಕೊಟ್ಟಿದ್ದೇನೆ.

ಹಾಗಾದರೆ 4ಕೆ ಬೇಡವಾ?

43 ಇಂಚು ಮತ್ತು ಅದಕ್ಕಿಂತ ದೊಡ್ಡದರಲ್ಲಿ ಈಗ ಹೆಚ್ಚಿನವು 4ಕೆಯೇ. ಬೇಡ ಅಂದರೂ ಅದೇ ಸಿಗುತ್ತದೆ. 32 ಇಂಚಿನಲ್ಲಿ ಸಾಮಾನ್ಯವಾಗಿ 1366 ಗುಣಿಸು 768ರ ಎಚ್‌ಡಿ ರೆಡಿ ಸಿಗುತ್ತದೆ. ಮಲಗುವ ಕೋಣೆಗೆ ಅದು ಸಾಕು. 4ಕೆಗಿಂತಲೂ ಹೆಚ್ಚು ಚುಕ್ಕಿಗಳ 8ಕೆ ಕಡೆಗೆ ತಲೆ ಹಾಕಬೇಡಿ. ಅದರಲ್ಲಿ ನೋಡಲು ಹೆಚ್ಚೇನೂ ಇಲ್ಲ.

ಅಂಗಡಿಯಲ್ಲಿ ಎಲ್ಲವೂ ಚಂದವೇ ಕಾಣುತ್ತದೆ. ಹೇಗೆ ಆರಿಸುವುದು?

ಚಂದ ಕಾಣಲೆಂದೇ ಇಟ್ಟದ್ದು ಅದು. ಅಂಗಡಿಯ ಟಿವಿಗಳು ಡೆಮೊ ಮೋಡಿನಲ್ಲಿರುತ್ತವೆ. ಬೆಳಕು ತುದಿಗೆ, ಬಣ್ಣ ತುದಿಗೆ. ಅದರಲ್ಲಿ ಓಡುವ ವಿಡಿಯೋ ಕಂಪೆನಿಯವರೇ ಮಾಡಿದ್ದು. ಗಿಳಿ, ಹೂವು, ಜೇನುತುಪ್ಪ. ನಿಮ್ಮ ಮನೆಯಲ್ಲಿ ಯಾರೂ ಜೇನುತುಪ್ಪ ಸುರಿಯುವುದನ್ನು ದಿನಾ ನೋಡುವುದಿಲ್ಲ, ಅಲ್ವಾ?

ನಾನು ಮಾಡುವುದು ಹೀಗೆ. ಒಂದು ಪೆನ್ ಡ್ರೈವಿಗೆ ಯಕ್ಷಗಾನದ ಒಂದು ಒಳ್ಳೆಯ ವಿಡಿಯೋ ಹಾಕಿಕೊಂಡು ಹೋಗುತ್ತೇನೆ. ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಶೈಲಿಯ, ರಾತ್ರಿಯಾಟದ ವಿಡಿಯೋ. ಟಿವಿಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ರಂಗಸ್ಥಳದ ಹಿಂದೆ ಕತ್ತಲೆ ಇರುತ್ತದೆ, ಕಪ್ಪು ಎಷ್ಟು ಕಪ್ಪು ಎಂದು ಗೊತ್ತಾಗುತ್ತದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕೆಂಪಿನಲ್ಲಿ ಮುಖವರ್ಣಿಕೆಯ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕು. ಕಳಪೆ ಟಿವಿಯಲ್ಲಿ ಎಲ್ಲ ಒಂದೇ ಕೆಂಪು ಮುದ್ದೆ. ಪುಂಡುವೇಷದವನು, ಅಂದರೆ ತರುಣ ವೀರನ ಪಾತ್ರದವನು, ಧೀಂಗಿಣ ಹಾಕಿ ಗಿರಗಿರ ಹಾರುವಾಗ ಕಾಲು ಕಾಲಾಗಿಯೇ ಕಾಣುತ್ತದೋ, ಹೊಗೆಯ ಹಾಗೆ ಕಲಸಿಹೋಗುತ್ತದೋ ನೋಡಿ. ಚೆಂಡೆ ಮತ್ತು ಮದ್ದಳೆ ಬೇರೆ ಬೇರೆ ಕೇಳಿದರೆ ಸ್ಪೀಕರ್ ಪರವಾಗಿಲ್ಲ.

ಟಿವಿಯ ಸೆಟ್ಟಿಂಗ್ಸಿಗೆ ಹೋಗಿ ಪಿಕ್ಚರ್ ಮೋಡನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ಬದಲಿಸಲು ಹೇಳಿ. ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಎಲ್‌ಸಿಡಿ ಪರದೆಯಲ್ಲಿ ಮುಖ್ಯವಾಗಿ ಎರಡು ಬಗೆ. ಐಪಿಎಸ್ ಪರದೆ ಓರೆಯಿಂದಲೂ ಸರಿಯಾಗಿ ಕಾಣುತ್ತದೆ, ಆದರೆ ಅದರ ಕಪ್ಪು ಅಷ್ಟು ಕಪ್ಪಲ್ಲ. ವಿಎ ಪರದೆಯಲ್ಲಿ ಕಪ್ಪು ಚೆನ್ನ, ಆದರೆ ಪಕ್ಕದಲ್ಲಿ ಕೂತವರಿಗೆ ಬಣ್ಣ ತೆಳುವಾಗುತ್ತದೆ. ಇಬ್ಬರೇ ಎದುರು ಕೂತು ನೋಡುವ ಮನೆಗೆ ವಿಎ. ಕ್ರಿಕೆಟ್ ಇದ್ದರೆ ಇಡೀ ಕುಟುಂಬ ಬಾಗಿಲವರೆಗೂ ಕೂರುವ ಮನೆಗೆ ಐಪಿಎಸ್.

ಪೆನ್ ಡ್ರೈವ್ ಹಾಕಲು ಬಿಡದ ಅಂಗಡಿಯಿಂದ ನಾನು ವಾಪಸ್ ಬಂದದ್ದುಂಟು.

60 ಹರ್ಟ್ಜ್, 120 ಹರ್ಟ್ಜ್ ಅಂದರೆ?

ಪರದೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎಂಬ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಚಿತ್ರ, ನಮ್ಮ ಟಿವಿ ಪ್ರಸಾರ 50ರ ಲೆಕ್ಕ. ಹಾಗಾಗಿ 60 ಸಾಕು. ಮಕ್ಕಳು ಪ್ಲೇಸ್ಟೇಷನ್ ಥರದ ಗೇಮ್ ಆಡುವುದಿದ್ದರೆ 120 ನೋಡಿ.

ಸಿನಿಮಾ ಹಾಕಿದಾಗ ಧಾರಾವಾಹಿಯ ಹಾಗೆ ಕಾಣುತ್ತದೆ ಎಂದು ಕೆಲವರು ಹೇಳುತ್ತಾರೆ. ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸುವುದರಿಂದ ಹಾಗಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಮೋಷನ್ ಎಂಬ ಹೆಸರಿನಲ್ಲಿ ಏನಾದರೂ ಇರುತ್ತದೆ, ಆಫ್ ಮಾಡಿ.

ಎಚ್‌ಡಿಆರ್ ಎಂದು ಡಬ್ಬದ ಮೇಲೆ ಬರೆದಿದೆ. ಒಳ್ಳೆಯದಾ?

ಬರೆಯುವುದು ಸುಲಭ. ಎಚ್‌ಡಿಆರ್ ಅಂದರೆ ಬೆಳಕಿನ ಜಾಗ ಹೆಚ್ಚು ಬೆಳಗಬೇಕು, ಕತ್ತಲೆಯಲ್ಲೂ ವಿವರ ಉಳಿಯಬೇಕು. ಅದಕ್ಕೆ ಪರದೆಗೆ ಶಕ್ತಿ ಬೇಕು. ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಗ್ಗದ ಟಿವಿಗಳು 200ರಿಂದ 300 ನಿಟ್ಸ್ ಆಸುಪಾಸು. ಅದರಲ್ಲಿ ಎಚ್‌ಡಿಆರ್ ವಿಡಿಯೋ ಓಡುತ್ತದೆ, ಆದರೆ ಎಚ್‌ಡಿಆರ್‌ನ ಚಂದ ಕಾಣುವುದಿಲ್ಲ. ನಮ್ಮ ಚಾವಡಿಗಳಿಗೆ ಹಗಲಿಡೀ ಬಾಗಿಲು ತೆರೆದೇ ಇರುತ್ತದೆ. ಅಂಗಳದ ಬಿಸಿಲು ನೇರ ಪರದೆಗೆ ಹೊಡೆಯುತ್ತದೆ. ಅಂಥಲ್ಲಿ ಎಚ್‌ಡಿಆರ್ ಹೆಸರಿಗಿಂತ ನಿಟ್ಸ್ ಎಷ್ಟು ಎಂದು ಕೇಳುವುದು ಉಪಯೋಗ. ಇಲ್ಲವಾದರೆ ಬಾಗಿಲಿನ ಎದುರು ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿ, ಖರ್ಚಿಲ್ಲದ ಉಪಾಯ.

ಸ್ಮಾರ್ಟ್ ಟಿವಿಯಲ್ಲಿ ಯಾವುದು ಒಳ್ಳೆಯದು? ಇಂಟರ್ನೆಟ್ ಎಷ್ಟು ಬೇಕು?

ಸ್ಯಾಮ್‌ಸಂಗ್‌ನಲ್ಲಿ ಟೈಜೆನ್, ಎಲ್‌ಜಿಯಲ್ಲಿ ವೆಬ್‌ಓಎಸ್, ಸೋನಿಯಲ್ಲಿ ಮತ್ತು ಇನ್ನೂ ಹಲವು ಕಂಪೆನಿಗಳಲ್ಲಿ ಗೂಗಲ್ ಟಿವಿ. ಯೂಟ್ಯೂಬ್ ಮತ್ತು ನಾಲ್ಕು ಆ್ಯಪ್ ನೋಡುವವರಿಗೆ ಮೂರೂ ಒಂದೇ. ನೋಡಬೇಕಾದದ್ದು ರ್‍ಯಾಮ್, ಅಂದರೆ ಟಿವಿ ಕೆಲಸ ಮಾಡುವಾಗ ಬಳಸುವ ಮೆಮೊರಿ. 1 ಜಿಬಿಯದ್ದು ಒಂದೆರಡು ವರ್ಷದಲ್ಲಿ ಎತ್ತಿನಗಾಡಿಯಾಗುತ್ತದೆ. 2 ಜಿಬಿ ಇರಲಿ. ಹಾಗೆ ನಿಧಾನವಾದರೆ ಟಿವಿಯನ್ನೇ ಬದಲಿಸಬೇಡಿ. ಆ್ಯಪ್‌ಗಳನ್ನು ತಾನೇ ಓಡಿಸುವ, ಕೆಲವು ಸಾವಿರ ರೂಪಾಯಿಯ ಸ್ಟಿಕ್ ಒಂದನ್ನು ಹಿಂದೆ ಸಿಕ್ಕಿಸಿದರೆ ಟಿವಿಗೆ ಮತ್ತೆ ಜೀವ ಬರುತ್ತದೆ.

ಗಡಿನಾಡಿನ ಕನ್ನಡಿಗರಿಗೆ ಇಂಟರ್ನೆಟ್ ದೊಡ್ಡ ಉಪಕಾರ ಮಾಡಿದೆ. ಕೇಬಲಿನವರು ಕನ್ನಡ ಚಾನಲ್ ಕೊಡಲಿ ಬಿಡಲಿ, ಜೀ ಕನ್ನಡದ ಧಾರಾವಾಹಿ ಜೀ5ರಲ್ಲಿ, ಕಲರ್ಸ್ ಕನ್ನಡದ್ದೂ ಸುವರ್ಣದ್ದೂ ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತದೆ. ನೆಟ್‌ಫ್ಲಿಕ್ಸ್ ತನ್ನ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಬೇಕು ಎನ್ನುತ್ತದೆ. 4ಕೆಯಲ್ಲಿ ಗಂಟೆಗೆ 7 ಜಿಬಿವರೆಗೆ ಖರ್ಚಾಗಬಹುದು. ಮೊಬೈಲ್ ಹಾಟ್‌ಸ್ಪಾಟಿನಿಂದ ಟಿವಿ ನೋಡುವವರು ಈ ಲೆಕ್ಕ ನೆನಪಿಡಿ. ಅರ್ಧ ಸಿನಿಮಾಕ್ಕೆ ದಿನದ ಡೇಟಾ ಖಾಲಿ.

ವೈಫೈ ಬಗ್ಗೆ ಒಂದು ಮಾತು. ರೂಟರಿನಲ್ಲಿ ಎರಡು ಬ್ಯಾಂಡ್ ಇರುತ್ತದೆ. 5 ಗಿಗಾಹರ್ಟ್ಜ್ ವೇಗವಾದದ್ದು, ಆದರೆ ದಪ್ಪ ಗೋಡೆ ದಾಟುವಾಗ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ ಕೆಂಪುಕಲ್ಲಿನ ಹಳೆ ಮನೆಯಲ್ಲಿ ಒಳಕೋಣೆಯ ರೂಟರಿನ 5 ಗಿಗಾಹರ್ಟ್ಜ್ ಚಾವಡಿಗೆ ಬರುವುದೇ ಇಲ್ಲ. ರೂಟರನ್ನೇ ಚಾವಡಿಗೆ ತಂದೆ.

ಇಂಟರ್ನೆಟ್ ಇಲ್ಲ, ತಿಂಗಳ ಖರ್ಚೂ ಬೇಡ. ಏನಾದರೂ ದಾರಿ ಇದೆಯಾ?

ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ಡಿಶ್ ಮತ್ತು ಬಾಕ್ಸಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಕನ್ನಡದ ಡಿಡಿ ಚಂದನ ಅದರಲ್ಲಿ ಬರುತ್ತದೆ.

ಸಿಡಿಲಿಗೆ ಟಿವಿ ಹೋಗದ ಹಾಗೆ ಏನು ಮಾಡಬೇಕು?

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನನ್ನ ಸ್ವಂತ ಟಿವಿ ಹೋಗಿದೆ.

ನಮ್ಮಲ್ಲಿ ಜೂನಿನ ದೊಡ್ಡ ಮಳೆಗೆ ಸಿಡಿಲು ಕಡಿಮೆ. ಏಪ್ರಿಲ್, ಮೇ ತಿಂಗಳ ಬೇಸಗೆ ಮಳೆ ಮತ್ತು ಅಕ್ಟೋಬರ್, ನವೆಂಬರಿನ ತುಲಾ ಮಳೆ, ಇವೇ ಅಪಾಯದವು. ಮಧ್ಯಾಹ್ನದ ಮೇಲೆ ಪೂರ್ವದ ಗುಡ್ಡದ ಕಡೆಯಿಂದ ಮೋಡ ಏರುತ್ತದೆ, ಸಂಜೆಗೆ ಗುಡುಗು.

ಅಂಥದೇ ಒಂದು ಅಕ್ಟೋಬರಿನ ಸಂಜೆ. ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ಎಳೆದೆ. ದೊಡ್ಡ ಕೆಲಸ ಮಾಡಿದವನ ಹಾಗೆ ಬಂದು ಚಾ ಕುಡಿಯುತ್ತಾ ಕೂತೆ. ತೋಟದ ತೆಂಗಿನ ಮರಕ್ಕೆ ಹೊಡೆಯಿತು. ರಾತ್ರಿ ಪ್ಲಗ್ ಹಾಕಿದರೆ ಸೆಟ್ ಟಾಪ್ ಬಾಕ್ಸ್ ಸತ್ತಿದೆ. ಟಿವಿ ಆನ್ ಆಗುತ್ತದೆ, ಆದರೆ ಎಚ್‌ಡಿಎಂಐ ಯಾವುದೂ ಕೆಲಸ ಮಾಡುವುದಿಲ್ಲ. ಪ್ಲಗ್ ಎಳೆದಿದ್ದೆ ನಿಜ. ಮಾಡಿನ ಮೇಲಿನ ಡಿಶ್‌ನಿಂದ ಬರುವ ವೈರ್ ಎಳೆದಿರಲಿಲ್ಲ. ಕರೆಂಟ್ ಆ ದಾರಿಯಲ್ಲಿ ಬಂದು ಬಾಕ್ಸ್ ದಾಟಿ ಎಚ್‌ಡಿಎಂಐ ಮೂಲಕ ಟಿವಿಯೊಳಗೆ ಹೋಗಿತ್ತು. ಬೋರ್ಡ್ ಬದಲಿಸಲು ಹೇಳಿದ ರೇಟು ಕೇಳಿ ಅಮ್ಮ ಅಂದದ್ದು ಇಷ್ಟೇ: "ಹಳೆ ರೇಡಿಯೋಕ್ಕೆ ಏನಾಗಿತ್ತು?"

ಹಾಗಾಗಿ ಲೋಹದ ಎಲ್ಲ ದಾರಿಯನ್ನೂ ಕಡಿಯಬೇಕು. ಟಿವಿಯ ಪ್ಲಗ್, ಬಾಕ್ಸಿನ ಪ್ಲಗ್, ಡಿಶ್ ಅಥವಾ ಕೇಬಲಿನ ವೈರ್, ರೂಟರಿನಿಂದ ಟಿವಿಗೆ ಲ್ಯಾನ್ ವೈರ್ ಇದ್ದರೆ ಅದೂ. ಇಂಟರ್ನೆಟ್ ಫೈಬರಿನಲ್ಲಿ ಬರುವುದಾದರೆ ಒಳಗಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಅದರ ಮೋಡೆಮಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇರುತ್ತದಲ್ಲ, ಅದನ್ನೂ ಎಳೆಯಿರಿ. ಇದನ್ನೆಲ್ಲ ಗುಡುಗು ದೂರ ಇರುವಾಗಲೇ ಮಾಡಿ. ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಟಿವಿ ಹೋದರೆ ಹೋಗಲಿ.

ಸಿಡಿಲಿನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಸ್ಟೆಬಿಲೈಸರ್ ಬೇಕಾ? ಅಂಗಡಿಯವರು ಬೇಡ ಅನ್ನುತ್ತಾರೆ.

ವೋಲ್ಟೇಜ್ ಕಡಿಮೆಯಾಗುವುದಕ್ಕೆ ಬೇಡ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಸುಧಾರಿಸುತ್ತವೆ. ಹಿಂದಿನ ಸ್ಟಿಕ್ಕರ್ ನೋಡಿ. ತೋಟಕ್ಕೆ ನೀರು ಬಿಡುವ ಹೊತ್ತಿಗೆ ಸಾಲಾಗಿ ಪಂಪುಗಳು ಓಡಿ ಬಲ್ಬ್ ಮಂಕಾದರೂ ಟಿವಿಗೆ ಗೊತ್ತೇ ಆಗುವುದಿಲ್ಲ.

ಅಪಾಯ ಇರುವುದು ಮೇಲೆ ಹೋದಾಗ. ಮಳೆಗಾಲದಲ್ಲಿ ಅಡಿಕೆ ಮರವೋ ತೆಂಗಿನ ಮಡಲೋ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ವೈರ್ ತುಂಡಾದರೆ ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಬಲ್ಬ್ ಇದ್ದಕ್ಕಿದ್ದ ಹಾಗೆ ಫಳ್ಳೆಂದು ಹೊಳೆದರೆ ಮೊದಲು ಮೈನ್ ಆಫ್ ಮಾಡಿ, ಆಮೇಲೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ಫೋನ್ ಮಾಡಿ. ಗುಡ್ಡದ ಬದಿಯ ಒಂಟಿ ಮನೆಗಳಿಗೆ ಹೈ ವೋಲ್ಟೇಜ್ ಕಟ್ ಆಫ್ ಇರುವ, ಅಂದರೆ ವೋಲ್ಟೇಜ್ ಏರಿದರೆ ತಾನೇ ಕರೆಂಟ್ ಕಡಿಯುವ, ಸ್ಟೆಬಿಲೈಸರ್ ಹಾಕುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಪೇಟೆಯ ಮನೆಗೆ ಒಳ್ಳೆಯ ಸ್ಪೈಕ್ ಗಾರ್ಡ್ ಸಾಕು. ಎರಡೂ ಸಿಡಿಲನ್ನು ತಡೆಯುವುದಿಲ್ಲ.

ಇನ್ವರ್ಟರ್ ಹೊಸದಾಗಿ ತಗೊಳ್ಳುವವರು ಸೈನ್ ವೇವ್‌ನದ್ದೇ, ಅಂದರೆ ಲೈನಿನ ಕರೆಂಟಿನ ಹಾಗೆ ನಯವಾದ ಅಲೆಯ ಕರೆಂಟ್ ಕೊಡುವಂಥದ್ದೇ ತಗೊಳ್ಳಿ.

ಕೆಂಪುಕಲ್ಲಿನ ಗೋಡೆಗೆ ಟಿವಿ ನೇತುಹಾಕಬಹುದಾ?

ಹಾಕಬಹುದು, ಆದರೆ ಬಂದ ಹುಡುಗನ ಕೈಗೆ ಪೂರ್ತಿ ಬಿಡಬೇಡಿ. ಅವನ ಚೀಲದಲ್ಲಿ ಇರುವುದು ಕಾಂಕ್ರೀಟಿಗೂ ಇಟ್ಟಿಗೆಗೂ ಆಗುವ ಚಿಕ್ಕ ಪ್ಲಾಸ್ಟಿಕ್ ಬೂಚು ಮತ್ತು ಸ್ಕ್ರೂ. ಈ ಕೆಂಪುಕಲ್ಲು, ಅಂದರೆ ಮುರಕಲ್ಲು, ಮೆತ್ತಗೆ, ಒಳಗೆಲ್ಲ ತೂತು. ಡ್ರಿಲ್ ಇಟ್ಟರೆ ಹಿಟ್ಟಿನ ಹಾಗೆ ಉದುರಿ ತೂತು ದೊಡ್ಡದಾಗುತ್ತದೆ. ಬೂಚು ಹಿಡಿಯುವುದಿಲ್ಲ. ಅಂದು ಗಟ್ಟಿ ಅನಿಸುತ್ತದೆ, ಒಂದು ಮಳೆಗಾಲ ಕಳೆದ ಮೇಲೆ ಸಡಿಲ. 43 ಇಂಚಿನದಕ್ಕೆ ಸುಮಾರು 8 ಕಿಲೋ ಭಾರ, 55ಕ್ಕೆ ಸುಮಾರು 15 ಕಿಲೋ. ಮಡಚುವ, ಮುಂದೆ ಎಳೆಯುವ ಸ್ಟ್ಯಾಂಡ್ ಹಾಕಿದರೆ ಎಳೆತ ಇನ್ನೂ ಜಾಸ್ತಿ.

ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ. ದಪ್ಪದ ಒಂದು ಮರದ ಹಲಗೆಯನ್ನು ಅಗಲಕ್ಕೆ ಇಟ್ಟು, ದೂರ ದೂರ ಆರು ಕಡೆ ಉದ್ದದ ಬೋಲ್ಟ್ ಹಾಕಿಸಿದೆ. ಕಲ್ಲಿನ ಸಂದಿಗೆ ಅಲ್ಲ, ಕಲ್ಲಿನ ನಡುವಿಗೆ. ತೂತಿನೊಳಗೆ ಸಿಮೆಂಟ್ ತುಂಬಿಸಿ ಎರಡು ದಿನ ಬಿಟ್ಟೆವು. ಆಮೇಲೆ ಟಿವಿಯ ಬ್ರಾಕೆಟ್ ಆ ಹಲಗೆಗೆ. ಭಾರ ಒಂದೇ ಕಲ್ಲಿಗೆ ಬೀಳುವುದಿಲ್ಲ. ಊರಿನ ಆಚಾರಿಗೆ ಹೇಳಿದರೆ ಅರ್ಧ ದಿನದ ಕೆಲಸ.

ಎತ್ತರ? ದೇವರ ಫೋಟೋದ ಹಾಗೆ ಬಾಗಿಲಿನ ಮೇಲೆ ಹಾಕಬೇಡಿ. ಕುತ್ತಿಗೆ ನೋವು ಖಂಡಿತ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು. ಕುರ್ಚಿಯವರಿಗೆ ನೆಲದಿಂದ 100ರಿಂದ 110 ಸೆಂಟಿಮೀಟರ್. ಚಾಪೆ ಹಾಕಿ ಕೂರುವವರಿಗೆ ಇನ್ನೂ ಕೆಳಗೆ.

ಮಳೆಗಾಲದ ತೇವಕ್ಕೆ ಏನು ಮಾಡುವುದು?

ಒದ್ದೆಯಾಗುವ ಗೋಡೆಗೆ ಟಿವಿ ಹಾಕಬೇಡಿ. ಬೇರೆ ಗೋಡೆಯಾದರೂ ಹಿಂದೆ ಎರಡು ಇಂಚು ಗಾಳಿ ಆಡಲಿ. ಜೂನ್, ಜುಲೈಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮೊಗ್ರಾಲ್, ಕುಂಬಳೆ, ಉಪ್ಪಳದ ಕಡಲ ಬದಿಯವರಿಗೆ ಉಪ್ಪುಗಾಳಿಯ ಕಾಟ ಬೇರೆ. ಕಡಲಿನ ಕಡೆಗೆ ಮುಖ ಮಾಡಿದ ಕಿಟಕಿಯ ಎದುರು ಇಡಬೇಡಿ.

ಹಲ್ಲಿ ಮತ್ತು ಇರುವೆಗಳಿಗೆ ಟಿವಿಯ ಹಿಂದಿನ ಬೆಚ್ಚಗಿನ ತೂತುಗಳು ಬಹಳ ಇಷ್ಟ. ಆಫ್ ಇರುವಾಗ ಬಟ್ಟೆ ಮುಚ್ಚಬಹುದು, ಓಡುವಾಗ ಬೇಡ. ಪರದೆ ಒರೆಸಲು ಮೆತ್ತಗಿನ ಒಣ ಬಟ್ಟೆ. ಕಿಟಕಿ ಗಾಜಿಗೆ ಹಾಕುವ ನೀಲಿ ನೀರು ಸಿಂಪಡಿಸಿದರೆ ಪರದೆಯ ಲೇಪ ಹೋಗಬಹುದು.

ಸೌಂಡ್ ಸಾಕಾಗುವುದಿಲ್ಲ. ಹೋಮ್ ಥಿಯೇಟರ್ ಬೇಕಾ?

ಟಿವಿ ತೆಳ್ಳಗಾದಷ್ಟೂ ಸ್ಪೀಕರಿಗೆ ಜಾಗ ಕಡಿಮೆ, ಅದೂ ಹೆಚ್ಚಾಗಿ ಕೆಳಮುಖವಾಗಿ. ಮುಂದೆ ಶೀಟ್ ಹಾಕಿದ ಮನೆಯಲ್ಲಿ ಮಳೆ ಬಂದರೆ ಯಾವ ಟಿವಿಯೂ ಕೇಳುವುದಿಲ್ಲ ಬಿಡಿ. ಒಂದು ಸಾದಾ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗೆ ಇಡುವ ಉದ್ದದ ಸ್ಪೀಕರ್, ಸಾಕು. ಟಿವಿಯಲ್ಲಿ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಅದಕ್ಕೇ ಜೋಡಿಸಿ. ಆಗ ಒಂದೇ ರಿಮೋಟಿನಲ್ಲಿ ಸೌಂಡ್ ಏರಿಳಿಸಬಹುದು. ಎಚ್‌ಡಿಎಂಐ ಪೋರ್ಟ್ ಒಟ್ಟು ಮೂರಾದರೂ ಇರಲಿ: ಬಾಕ್ಸ್, ಸೌಂಡ್‌ಬಾರ್, ಮುಂದೆ ಬರುವ ಯಾವುದಾದರೂ ಒಂದು.

ಮಂಗಳೂರಿನಲ್ಲಿ ತಗೊಳ್ಳುವುದೋ, ಕಾಸರಗೋಡಿನಲ್ಲೋ, ಆನ್‌ಲೈನೋ?

ಮಂಗಳೂರಿನಲ್ಲಿ ಆಯ್ಕೆ ಜಾಸ್ತಿ, ಚೌಕಾಸಿಗೂ ಜಾಗ ಇದೆ. ದೊಡ್ಡ ಕಂಪೆನಿಗಳ ವಾರಂಟಿ ದೇಶಕ್ಕೆಲ್ಲ ಒಂದೇ. ಆದರೆ ಸರ್ವಿಸ್ ಬರುವುದು ಬಿಲ್ಲಿನ ಊರು ನೋಡಿ ಅಲ್ಲ, ಟಿವಿ ಇರುವ ಊರಿನ ಪಿನ್‌ಕೋಡ್ ನೋಡಿ. ನಮ್ಮದು 671ರಿಂದ ಶುರು. ತಗೊಳ್ಳುವ ಮೊದಲು ಕಂಪೆನಿಯ ಸಹಾಯವಾಣಿಗೆ ನೀವೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಅಂಗಡಿಯವನ "ಎಲ್ಲ ಆಗ್ತದೆ" ಮಾತಿಗೆ ಬೆಲೆ ಕೊಡಬೇಡಿ. ನನ್ನ ಮೊದಲನೆಯ ಟಿವಿಗೆ ಗಡಿಯ ಆಚೆಯವರು ಅದು ಕೇರಳ ಎಂದರು, ಈಚೆಯವರು ಬಿಲ್ ಕರ್ನಾಟಕದ್ದು ಎಂದರು. ಮೂರು ವಾರ ಟಿವಿ ಸುಮ್ನೆ ಗೋಡೆಯಲ್ಲಿ ನೇತಾಡಿತು.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವುದು ನಿಜ. ತಂದವನ ಎದುರೇ ಡಬ್ಬ ಬಿಚ್ಚಿ, ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಜೀಪಿನಲ್ಲಿ ತರುವುದಾದರೆ ನಿಲ್ಲಿಸಿಯೇ ತನ್ನಿ. ಮಲಗಿಸಿ ಮೇಲೆ ಅಕ್ಕಿ ಗೋಣಿ ಇಟ್ಟು ತಂದವರ ಕಥೆ ಇಲ್ಲಿ ಬೇಡ. ಪರದೆ ಒಡೆದರೆ ವಾರಂಟಿ ಇಲ್ಲ, ಹೊಸ ಪರದೆಯ ಬೆಲೆ ಹಲವು ಸಲ ಹೊಸ ಟಿವಿಯ ಹತ್ತಿರವೇ ಹೋಗುತ್ತದೆ.

ಯಾವಾಗ ತಗೊಂಡರೆ ಕಡಿಮೆ?

ಗಡಿಯಲ್ಲಿರುವ ಲಾಭ ಇದೊಂದು. ಕೇರಳದ ಅಂಗಡಿಗಳಲ್ಲಿ ಓಣಂ ಆಫರ್, ಮಂಗಳೂರಿನಲ್ಲಿ ದಸರಾ, ದೀಪಾವಳಿ ಆಫರ್. ಎರಡಕ್ಕೂ ಕಾದು ನೋಡಬಹುದು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪ್ರತಿಶತದಿಂದ 18ಕ್ಕೆ ಇಳಿದಿದೆ. ಆಫರಿನ ಟಿವಿಯ ಮಾಡೆಲ್ ನಂಬರ್ ಬರೆದುಕೊಂಡು ಯಾವ ವರ್ಷದ್ದು ಎಂದು ಹುಡುಕಿ. ಹಿಂದಿನ ವರ್ಷದ ಮಾಡೆಲ್ ಆದರೆ ತೊಂದರೆ ಇಲ್ಲ. ನಾಲ್ಕು ವರ್ಷ ಹಿಂದಿನದಾದರೆ ಬೇಡ.

ದೊಡ್ಡ ಟಿವಿಗೆ ಕರೆಂಟ್ ಬಿಲ್ ತುಂಬಾ ಬರುತ್ತದಾ?

43 ಇಂಚಿನದು ಸುಮಾರು 80 ವ್ಯಾಟ್ ಎಂದು ಇಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ಓಡಿದರೆ 0.4 ಯುನಿಟ್. ನಮಗೆ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ, ಆ 60 ದಿನಕ್ಕೆ 24 ಯುನಿಟ್. 55 ಇಂಚು 120 ವ್ಯಾಟ್ ಆದರೆ 36 ಯುನಿಟ್. ಹೆದರುವಷ್ಟಿಲ್ಲ. ಆದರೆ ನಿಮ್ಮ ಬಿಲ್ ಸ್ಲ್ಯಾಬಿನ ಅಂಚಿನಲ್ಲಿದ್ದರೆ ಆ ಹನ್ನೆರಡು ಯುನಿಟ್ ಮೇಲಿನ ಸ್ಲ್ಯಾಬಿಗೆ ತಳ್ಳಬಹುದು.

ಹಳೆಯ ಡಬ್ಬ ಟಿವಿಯನ್ನು ಏನು ಮಾಡುವುದು?

ಎಕ್ಸ್‌ಚೇಂಜಿಗೆ ತಗೊಳ್ಳುವವರಿದ್ದರೆ ಕೊಟ್ಟುಬಿಡಿ, ಸಿಕ್ಕಿದ್ದು ಲಾಭ. ಗುಡ್ಡಕ್ಕೆ ಎಸೆಯಬೇಡಿ, ಒಡೆಯಲೂ ಬೇಡಿ. ಆ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ನಮ್ಮ ಬಾವಿಯ ನೀರು ಅದೇ ಗುಡ್ಡದಿಂದ ಇಳಿದು ಬರುವುದು. ಕಸ ಒಯ್ಯಲು ಮನೆಗೆ ಬರುವ ಹರಿತ ಕರ್ಮಸೇನೆಯವರ ಹತ್ತಿರ ಇ-ತ್ಯಾಜ್ಯ ಯಾವಾಗ ತಗೊಳ್ಳುತ್ತೀರಿ ಎಂದು ಕೇಳಿ. ನಮ್ಮ 21 ಇಂಚಿನದು ಇನ್ನೂ ಅಟ್ಟದಲ್ಲಿ ಅಡಿಕೆ ಗೋಣಿಗಳ ಪಕ್ಕ ಇದೆ. ಇಳಿಸಲು ಇಬ್ಬರು ಬೇಕು, ಸಿಕ್ಕಿಲ್ಲ.